ಕಾಕುವಿನ ಸ್ವಂತ ಸಿಟ್ಟು

ಕಳೆದ ತಿಂಗಳು ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಒಬ್ಬ ಅಜ್ಜಿ ನನ್ನ ಪಕ್ಕದಲ್ಲಿ ನಿಂತಿದ್ದರು. ಬಲಭುಜದ ಮೇಲಿಂದ ಮುಂದಕ್ಕೆ ಇಳಿಬಿಟ್ಟ ಸೆರಗು, ಸೊಂಟಕ್ಕೆ ಸಿಕ್ಕಿಸಿಕೊಂಡ ಪುಟ್ಟ ತಗಡಿನ ಡಬ್ಬಿ. ಯಾವ ಮಹಡಿ ಎಂದು ಕೇಳಲು ಅವರು ಬಾಯಿ ತೆರೆದರು, ಅಷ್ಟೇ. ಹುರಿದ ಎಲೆಯ, ಸ್ವಲ್ಪ ಒಗರು, ಸ್ವಲ್ಪ ಹೊಗೆ ಕೂಡಿದ ವಾಸನೆ ಲಿಫ್ಟು ತುಂಬಿತು. ನನ್ನ ಬಾಯಲ್ಲಿ ನೀರೂರಿತು. ಅಂಥ ಡಬ್ಬಿಯೊಳಗಿನ ಪುಡಿಯನ್ನು ನಾನು ಇಡೀ ಜೀವಮಾನದಲ್ಲಿ ವಸಡಿಗೆ ಹಚ್ಚಿಕೊಂಡಿದ್ದು ಒಂದೇ ಸಲ. ಆದರೂ ಮೈ ಅದನ್ನು ಜೋಪಾನವಾಗಿ ಇಟ್ಟುಕೊಂಡಿದೆಯಲ್ಲ ಎಂದು ಬೆರಗಾಯಿತು. ಮನೆಗೆ ಬಂದು ಚೀಲ ಕೆಳಗಿಟ್ಟರೂ ಮನಸ್ಸು ಮಾತ್ರ ಹಿಂದೆ ಎದುರು ಮನೆಯಲ್ಲಿದ್ದ ಕಾಕುವಿನ ಬಳಿಯೇ ನಿಂತಿತ್ತು...

ನನ್ನ ಅಪ್ಪ ಬ್ಯಾಂಕಿನವರು. ವರ್ಗವಾಗಿ ಅಹಮದಾಬಾದಿಗೆ ಬಂದು, ಇನ್ನೊಂದು ವರ್ಗಕ್ಕೆ ಮುಂಚೆ ಇಲ್ಲಿಯೇ ಮನೆ ಕೊಂಡು ಉಳಿದುಬಿಟ್ಟವರು. ನಮ್ಮ ಹಳೆಯ ಸೊಸೈಟಿಯ ಮೂರು ಮಹಡಿ ಕಟ್ಟಡದಲ್ಲಿ ಎದುರು ಬಾಗಿಲಿನವರು ಗದಗಿನ ಕಡೆಯ ದಂಪತಿ. ಕಾಕಾ ವಿಮಾ ಕಚೇರಿಯಲ್ಲಿದ್ದರು. ಮಕ್ಕಳಿರಲಿಲ್ಲ. ನಮ್ಮಮ್ಮ ಮೈಸೂರು ಸೀಮೆಯವಳಾದ್ದರಿಂದ ಇಬ್ಬರ ಕನ್ನಡಗಳೂ ಮೊದಮೊದಲು ಒಂದನ್ನೊಂದು ಅನುಮಾನದಿಂದ ನೋಡುತ್ತಿದ್ದವು. ಆಮೇಲೆ ರೊಟ್ಟಿ ಈ ಕಡೆಗೂ ಹುಳಿಯನ್ನ ಆ ಕಡೆಗೂ ಓಡಾಡಿ ಎಲ್ಲ ಸರಿಹೋಯಿತು. 'ಕಾಕು', ಎಂದರೆ ಚಿಕ್ಕಮ್ಮ, ಎಂದು ತಮ್ಮನ್ನು ಕರೆಯುವುದನ್ನು ನನಗೆ ಆ ಮನೆಯಾಕೆಯೇ ಕಲಿಸಿದರು. ಅವರ ಹೆಸರು ಬಾಗಿಲ ಮೇಲಿನ ಫಲಕದಲ್ಲೂ ಇರಲಿಲ್ಲ, ನಮ್ಮ ಬಾಯಲ್ಲೂ ಬರಲಿಲ್ಲ.

ಕಾಕುವಿನ ಸಿಟ್ಟು ಮಾತ್ರ ಮೂರು ಮಹಡಿಗೂ ಪರಿಚಿತ. ಕುಕ್ಕರಿನ ಸೀಟಿಯಂತೆ ಬಂದು ಹೋಗುವ ಸಿಟ್ಟು ಅದು. ಬೈದು ಮುಗಿಸಿ ಉಂಡೆ ಕೊಡುತ್ತಿದ್ದರು.

ಅವರಿಗೂ ಅಂಥದೇ ಡಬ್ಬಿಯೊಂದು ಗಂಟುಬಿದ್ದದ್ದು ಹಲ್ಲುನೋವಿನಿಂದ. ಊರಿಗೆ ಬಂದು ಕೆಲವು ವರ್ಷವಾಗಿದ್ದರೂ ಗುಜರಾತಿ ಬಾರದು. ಕೆನ್ನೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತಿದ್ದಾಗ ನೆಲಮಹಡಿಯ ಮುದುಕಿ, ಎಲ್ಲರೂ ಗುಜರಾತಿಯಲ್ಲಿ ಅವ್ವ ಎಂಬರ್ಥದ 'ಬಾ' ಎಂದು ಕರೆಯುತ್ತಿದ್ದವರು, ತಮ್ಮ ಡಬ್ಬಿ ತೆಗೆದು ಕಂದುಬಣ್ಣದ ಪುಡಿಯನ್ನು ಸ್ವತಃ ಬೆರಳಿನಿಂದ ಅವರ ವಸಡಿಗೆ ತಿಕ್ಕಿದರಂತೆ. ತಲೆ ಗಿರ್ರೆಂದಿತು, ಆದರೆ ನೋವು ಮರಗಟ್ಟಿತು. ಇಲ್ಲಿ 'ಬಜರ್' ಎನ್ನುವ ಆ ಪುಡಿಯನ್ನು ವಯಸ್ಸಾದ ಹೆಂಗಸರು ಹಜಾರದಲ್ಲೇ ಕೂತು, ಮೊಮ್ಮಕ್ಕಳನ್ನು ಆಡಿಸುತ್ತಲೇ ಹಲ್ಲಿಗೆ ತಿಕ್ಕಿಕೊಳ್ಳುತ್ತಾರೆ. ಮುಚ್ಚುಮರೆ ಏನೂ ಇಲ್ಲ. ಕಾಕು ಅದನ್ನು ಹಲ್ಲುಪುಡಿ ಎಂದುಕೊಂಡರು. ಅವರ ತರ್ಕ ಗಟ್ಟಿಯಾಗಿಯೇ ಇತ್ತು. ಜೈನರಾದ ಬಾ ಈರುಳ್ಳಿ ತಿನ್ನುವವರಲ್ಲ, ಬೆಳ್ಳುಳ್ಳಿ ತಿನ್ನುವವರಲ್ಲ, ಆಲೂಗಡ್ಡೆ ಕೂಡ ನಿಷಿದ್ಧ. ಸಂಜೆ ದೀಪ ಹಚ್ಚಿದ ಮೇಲೆ ಊಟವಿಲ್ಲ. ಅಂಥ ಮನೆಯ ಡಬ್ಬಿಯಲ್ಲಿ ಕೆಟ್ಟದ್ದು ಇರುವುದುಂಟೇ? ನಮ್ಮಮ್ಮ ಅದಕ್ಕೆ 'ಗುಜರಾತಿ ಆಯುರ್ವೇದ' ಎಂದು ಹೆಸರಿಟ್ಟುಬಿಟ್ಟಳು. ವಾಸನೆಯೇ ಎಲ್ಲ ಹೇಳುತ್ತಿತ್ತು ಎಂದು ಈಗ ಅನ್ನಿಸುತ್ತದೆ. ಆದರೆ ದಿನವೂ ಮೂಗಿಗೆ ಬಡಿಯುವ ವಾಸನೆಯ ಬಗ್ಗೆ ಯಾರು ಪ್ರಶ್ನೆ ಕೇಳುತ್ತಾರೆ...

ಮೊದಲು ಬೆಳಿಗ್ಗೆ ಒಂದು ಹೊತ್ತು ತಿಕ್ಕುತ್ತಿದ್ದರು. ಆಮೇಲೆ ಮಧ್ಯಾಹ್ನ ಊಟವಾದ ಮೇಲೂ ಬಾಯಿ ಸ್ವಚ್ಛವಾಗಬೇಕೆಂದರು. ಆಮೇಲೆ ಚಹಾ ಕುಡಿದರೆ, ಫೋನು ರಿಂಗಾದರೆ. ಅವರಷ್ಟು ಹಲ್ಲು ಉಜ್ಜುವವರನ್ನು ನಾನು ಕಂಡೇ ಇರಲಿಲ್ಲ. ನಮ್ಮ ಮನೆಯಲ್ಲಿ ಅದು ಶುಚಿತ್ವದ ಮಾದರಿಯಾಗಿತ್ತು. ಚಿಕ್ಕವಳಿದ್ದಾಗ ನಾನು ಬ್ರಷ್ ಮಾಡುವುದಿಲ್ಲವೆಂದು ಹಟ ಹಿಡಿದರೆ ಅಮ್ಮ ಎದುರು ಬಾಗಿಲು ತೋರಿಸುತ್ತಿದ್ದಳು.

ಗದಗಿನಲ್ಲಿ ಕಾಕುವಿಗೆ ಒಬ್ಬಳೇ ತಂಗಿ. ಆ ತಂಗಿಗೆ ಒಬ್ಬಳೇ ಮಗಳು. ಆ ಮಗುವಿನ ಬಾಣಂತನವನ್ನು ಮಾಡಿದ್ದು ಕಾಕು, ಅನ್ನಪ್ರಾಶನದ ತುತ್ತು ಇಟ್ಟದ್ದು ಕಾಕು. ಪ್ರತಿ ಬೇಸಗೆಯಲ್ಲೂ ತಂಗಿಯ ಮನೆಗೆ ಹೋಗಿ ಬರುವುದೇ ಅವರ ವರ್ಷದ ಹಬ್ಬವಾಗಿತ್ತು. ಹೋಗುವ ವಾರ ಪೂರ್ತಿ ಖಾಖರಾ ಎಂಬ ಗರಿಗರಿ ರೊಟ್ಟಿಯ ಕಟ್ಟುಗಳನ್ನು ಕಟ್ಟಿ, ಬಿಚ್ಚಿ, ಮತ್ತೆ ಕಟ್ಟುತ್ತಿದ್ದರು. ಡಬ್ಬಿ ಬಂದ ಮೇಲೆ ಆ ಹಬ್ಬ ಕೆಟ್ಟಿತು. ಒಡಹುಟ್ಟಿದವಳ ಮನೆಗೆ ಯಾರಾದರೂ ಹಲ್ಲುಪುಡಿ ಕಟ್ಟಿಕೊಂಡು ಹೋಗುತ್ತಾರೆಯೇ? ಕಾಕುವೂ ಹೋಗಲಿಲ್ಲ. ತಂಗಿಯ ಮನೆಯ ಪೇಸ್ಟಿನಲ್ಲೇ ಹಲ್ಲುಜ್ಜಿದರು.

ಮರುದಿನದಿಂದಲೇ ತಲೆ ಭಾರ, ನಿದ್ದೆ ಇಲ್ಲ, ಕೈಗೆ ಕೆಲಸ ಹತ್ತದು. ತಂಗಿ ಚಟ್ನಿ ಕುಟ್ಟಿದರೆ ತಲೆಯ ಮೇಲೇ ಕುಟ್ಟಿದಂತೆ. ಆಕೆ ನಕ್ಕರೆ ಸಿಟ್ಟು, ಸುಮ್ಮನಿದ್ದರೂ ಸಿಟ್ಟು. ಅವರ ಸಿಟ್ಟು ಗೊತ್ತಿದ್ದ ತಂಗಿಯೇ ಈ ಸಿಟ್ಟನ್ನು ಕಂಡು ಕಂಗಾಲಾದಳು. ಉಂಡೆ ಕೊಟ್ಟು ಮುಗಿಯುವ ಸಿಟ್ಟಾಗಿರಲಿಲ್ಲ ಅದು. ಕೊನೆಗೆ 'ಗುಜರಾತಿಗೆ ಹೋಗಿ ದೊಡ್ಡಸ್ತಿಕೆ ಕಲಿತಿ' ಎಂಬ ಮಾತು ಬಂತು, ಅದಕ್ಕೆ ಉತ್ತರವಾಗಿ ಬರಬಾರದ ಮಾತೊಂದು ಕಾಕುವಿನ ಬಾಯಿಂದ ಬಂತು. ಅದು ಏನೆಂದು ಅವರು ನನಗೆ ಎಂದೂ ಹೇಳಲಿಲ್ಲ. ಟಿಕೆಟ್ಟು ಬದಲಾಯಿಸಿಕೊಂಡು ವಾಪಸು ಬಂದರು. ಅಹಮದಾಬಾದಿಗೆ ಬಂದ ಬೆಳಿಗ್ಗೆ ಹಲ್ಲು ತಿಕ್ಕಿಕೊಂಡರೋ ಇಲ್ಲವೋ ತಲೆ ಹಗುರವಾಯಿತು, ಹಸಿವಾಯಿತು, ಅಮ್ಮನನ್ನು ಕರೆದು ನಗುನಗುತ್ತಾ ಮಾತಾಡಿದರು.

"ಅಲ್ಲಿ ನೀರ ನನಗ ಒಗ್ಗವಲ್ದು ನೋಡ್ರಿ," ಎಂದರು.

ಮುಂದಿನ ಬೇಸಗೆಯಲ್ಲೂ ಅದೇ ಕತೆ. ಈ ಸಲ ನೀರಿನ ಮೇಲಿದ್ದ ಅನುಮಾನ ಮನೆಯ ಮೇಲೆ ಹೋಯಿತು. ತಂಗಿ ಹೊಸದಾಗಿ ಕಟ್ಟಿಸಿದ ಮನೆ, ಅದರ ವಾಸ್ತುವೇ ಸರಿಯಿಲ್ಲ, ಯಾರದೋ ಕಣ್ಣು ತಾಗಿದೆ ಎಂದೆಲ್ಲ ಕಾಕು ಹೇಳತೊಡಗಿದರು. ತಂಗಿಗೂ ಅದು ಹೇಗೋ ಮುಟ್ಟಿತು. ಸಾಲದ ಕಂತು ಕಟ್ಟಿ ಕಟ್ಟಿಸಿದ ಮನೆಯನ್ನು ಅಕ್ಕನೇ ಹೀಗಂದರೆ ಯಾರಿಗೆ ತಡೆದೀತು? ಫೋನು ನಿಂತಿತು. ಹೋಗಿಬರುವುದು ನಿಂತಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಎನ್ನುತ್ತಾರಲ್ಲ, ಇಲ್ಲಿ ಎತ್ತಿಗೂ ಗೊತ್ತಿರಲಿಲ್ಲ, ಎಮ್ಮೆಗೂ ಗೊತ್ತಿರಲಿಲ್ಲ.

ಹೀಗೇ ವರ್ಷಗಳು ಕಳೆದವು. ಅಷ್ಟರಲ್ಲಿ ನಾನು ವಡೋದರೆಯಲ್ಲಿ ಮನಃಶಾಸ್ತ್ರದ ಎಂ.ಎ. ಓದುತ್ತಿದ್ದೆ. ವಾರಕ್ಕೊಮ್ಮೆ ರೈಲಿನಲ್ಲಿ ಮನೆಗೆ ಬರುತ್ತಿದ್ದೆ. ಮನಃಶಾಸ್ತ್ರ ಓದುವ ಹೊಸಬರಿಗೆಲ್ಲ ಒಂದು ಕಾಯಿಲೆ ಇರುತ್ತದೆ: ಬೆಳಿಗ್ಗೆ ಓದಿದ್ದನ್ನು ಸಂಜೆಯೊಳಗೆ ಯಾರಲ್ಲಾದರೂ ಕಾಣಲೇಬೇಕು. ವ್ಯಸನದ ಪಾಠ ಮುಗಿದ ವಾರ ನಾನು ರೈಲಿನಲ್ಲಿ ಕೂತವರನ್ನೆಲ್ಲ ಪರೀಕ್ಷಿಸುತ್ತಾ ಬಂದೆ. ಅಡಿಕೆ-ತಂಬಾಕಿನ ಮಸಾಲಾ ಪೊಟ್ಟಣವನ್ನು ಅಂಗೈಯಲ್ಲಿ ಉಜ್ಜುತ್ತಿದ್ದವನು, ಪ್ರತಿ ಸ್ಟೇಷನ್ನಿಗೂ ಚಹಾಕ್ಕೆ ಇಳಿಯುತ್ತಿದ್ದವನು, ಎಲ್ಲರೂ ನನ್ನ ಪಠ್ಯಪುಸ್ತಕದೊಳಗೆ ಹೊಕ್ಕರು. ಹಿಂದೆ ಸಾಕಾಗುತ್ತಿದ್ದಷ್ಟು ಈಗ ಸಾಕಾಗದಿರುವುದೇ ಸಹನೆ ಬೆಳೆಯುವುದು. ಆ ವಸ್ತುವಿಲ್ಲದೆ ದೇಹ ತನ್ನ ಮಾಮೂಲಿ ಸ್ಥಿತಿಗೇ ಬಾರದಿದ್ದರೆ ಅದು ಅವಲಂಬನೆ. ನಿಲ್ಲಿಸಿದೊಡನೆ ದೇಹ ರಚ್ಚೆ ಹಿಡಿದರೆ ಅದು ಹಿಂಪಡೆತ. ನನ್ನನ್ನು ತುಂಬ ಕಾಡಿದ್ದು ಕೊನೆಯದು. ಕಷ್ಟ ಕೊಡುವುದು ಆ ವಸ್ತುವೇ, ಆ ಕಷ್ಟವನ್ನು ಕಳೆಯುವುದೂ ಅದೇ. ಹಾಗಾಗಿ ಮನುಷ್ಯ ಅದಕ್ಕೇ ಕೈಮುಗಿಯುತ್ತಾನೆ, ಬೈಯುವುದು ಮಾತ್ರ ಬೇರೆ ಯಾರನ್ನೋ. ಇದೆಂಥ ಚೆಂದದ ಮೋಸ ಎಂದು ನನಗೆ ಒಂಥರಾ ಮೆಚ್ಚುಗೆಯೇ ಆಗಿತ್ತು. ಇಷ್ಟೆಲ್ಲ ತಿಳಿದುಕೊಂಡು ಮನೆಗೆ ಬಂದವಳು ಎದುರು ಮನೆಯನ್ನು ನೋಡಲಿಲ್ಲ.

ಆ ಭಾನುವಾರ ಕಾಕುವಿನ ಮನೆಗೆ ಹೋದಾಗ ಅವರು ಅಡುಗೆಮನೆಯಲ್ಲಿ ಅಳುತ್ತಿದ್ದರು. ತಂಗಿಯ ಮಗಳು ಬಸುರಿ. ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಕರೆಯಲು ಆ ಹುಡುಗಿಯೇ ಫೋನು ಮಾಡಿದ್ದಳು. ದೊಡ್ಡವ್ವ ಬಂದು ಹಸಿರು ಸೀರೆ ಉಡಿಸದಿದ್ದರೆ ತಾನು ಹಸೆಗೆ ಕೂರುವುದಿಲ್ಲ ಎಂದಿದ್ದಳಂತೆ. ಹೋದರೆ ಆ ಮನೆಯಲ್ಲಿ ಮತ್ತೆ ತಲೆ ಕೆಡುತ್ತದೆ, ತುಂಬಿದ ಬಸುರಿಯ ಮುಂದೆ ಬಾಯಿಂದ ಏನು ಬಂದೀತೋ ಎಂಬ ಭಯ. ಹೋಗದಿದ್ದರೆ ಇದ್ದೊಂದು ಕೂಸೂ ಕೈಬಿಟ್ಟಂತೆ.

ಅಳು ಒರೆಸಿಕೊಂಡು ಅವರು ಡಬ್ಬಿಗೆ ಕೈಹಾಕಿದರು. ಮಾತು ತಿರುಗಿಸಲೆಂದೇ ನಾನು, "ನನಗೂ ಸ್ವಲ್ಪ ಕೊಡಿ ಕಾಕು, ನೋಡೋಣ," ಎಂದೆ. ವಸಡಿಗೆ ತಿಕ್ಕಿಕೊಂಡೆ. ಖಾರವಾಯಿತು. ಆಮೇಲೆ ಅಡುಗೆಮನೆಯ ಗೋಡೆಗಳು ನಿಧಾನಕ್ಕೆ ಜಾಗ ಬದಲಾಯಿಸಿದವು. ಹೊಟ್ಟೆ ತೊಳಸಿ, ತಣ್ಣಗೆ ಬೆವತು, ನೆಲದ ಮೇಲೆ ಕೂತುಬಿಟ್ಟೆ.

ಅಳುತ್ತಿದ್ದ ಕಾಕು ಈಗ ನಗತೊಡಗಿದರು. "ನನಗೂ ಮೊದಲ ಹಿಂಗs ಆಗಿತ್ತವಾ. ಆಮ್ಯಾಲೆ ರೂಢಿ ಆತು."

ನೀರು ಕುಡಿಸಿ, ಲಿಂಬೆಹಣ್ಣು ಮೂಸಿಸಿ ನನ್ನನ್ನು ಎಬ್ಬಿಸಿದರು. ನಾನು ಎದ್ದೆ, ಆದರೆ ಆ ಮಾತು ತಲೆಯಲ್ಲಿ ಕೂತಿತು. ಹಲ್ಲುಪುಡಿಗೆ ರೂಢಿಯಾಗಬೇಕೇ? ಮೆಟ್ಟಿಲಿಳಿದು ನೇರವಾಗಿ ಬಾ ಅವರ ಮನೆಗೆ ಹೋಗಿ ಈ ಪುಡಿಯಲ್ಲಿ ಏನಿದೆ ಎಂದು ಕೇಳಿದೆ. ಉಯ್ಯಾಲೆಯಲ್ಲಿ ಕೂತಿದ್ದ ಬಾ ನನ್ನನ್ನು ದಡ್ಡಿಯೆಂಬಂತೆ ನೋಡಿದರು.

"ತಮಾಕು ಛೇ, ಬೇಟಾ. ಬೀಜುಂ ಶುಂ?"

ತಂಬಾಕು, ಇನ್ನೇನು ಎಂದರು. ಯಾರೂ ಯಾರನ್ನೂ ಮೋಸಗೊಳಿಸಿರಲಿಲ್ಲ. ಇಡೀ ಗುಜರಾತಿಗೆ ಗೊತ್ತಿದ್ದ ಸಂಗತಿ ನಮ್ಮ ಎರಡು ಕನ್ನಡ ಮನೆಗಳಿಗೆ ಮಾತ್ರ ಗೊತ್ತಿರಲಿಲ್ಲ. ಮೆಟ್ಟಿಲು ಹತ್ತುವಾಗ ನನಗೆ ಎರಡು ಬೇಸಗೆಗಳೂ ಬಿಡಿಸಿಟ್ಟಂತೆ ಕಂಡವು: ತಲೆಭಾರ, ನಿದ್ದೆಗೇಡು, ಆ ಹುಚ್ಚು ಸಿಟ್ಟು, ವಾಪಸು ಬಂದ ಬೆಳಿಗ್ಗೆಯ ನಗು. ನಾನು ರೈಲಿನಲ್ಲಿ ಊರವರನ್ನೆಲ್ಲ ಹುಡುಕುತ್ತಾ ಬಂದ ಪಾಠ ಎದುರು ಬಾಗಿಲಲ್ಲೇ ಇತ್ತು.

ಹೇಳಿದಾಗ ಕಾಕು ಮೊದಲು ನಂಬಲಿಲ್ಲ. ತಾನು, ತಂಬಾಕು? ಆಮೇಲೆ ಡಬ್ಬಿಯ ಮುಚ್ಚಳ ತೆಗೆದು ಬಹಳ ಹೊತ್ತು ಮೂಸಿದರು, ಆ ವಾಸನೆ ಅವತ್ತೇ ಮೊದಲ ಸಲ ಬಂದಂತೆ. ನಾನು ನನ್ನ ಪಾಠವನ್ನೆಲ್ಲ ಉತ್ಸಾಹದಿಂದ ಒಪ್ಪಿಸಿದೆ. ತಂಬಾಕು ಸಿಗದೆ ದೇಹ ಹಟ ಮಾಡಿದ್ದನ್ನು ಅವರು ನೀರಿನ ದೋಷವೆಂದುಕೊಂಡದ್ದು, ಇಲ್ಲಿ ಬಂದು ಹಚ್ಚಿಕೊಂಡೊಡನೆ ಹಟ ಅಡಗಿದ್ದನ್ನು ಊರ ಗುಣವೆಂದುಕೊಂಡದ್ದು. ನನಗೆ ಶಹಬ್ಬಾಸ್‌ಗಿರಿ ಬೇಕಿತ್ತೆಂದು ಕಾಣುತ್ತದೆ. ಕಾಕು ಕೇಳಿಸಿಕೊಂಡು, ಕಿಟಕಿಯ ಕಡೆ ತಿರುಗಿ, ತೀರ ಸಣ್ಣ ದನಿಯಲ್ಲಿ ಒಂದೇ ಮಾತು ಕೇಳಿದರು.

"ಹಂಗಾರ... ಅಕಿ ಮನಿ ಛಲೋನs ಇತ್ತೇನು?"

ಪುಸ್ತಕದಲ್ಲಿ ಹಿಂಪಡೆತದ ಲಕ್ಷಣಗಳನ್ನು ಓದಿದ್ದೆ. ಆ ಲಕ್ಷಣಗಳ ದೆಸೆಯಿಂದ ಒಂದು ಮನೆಗೆ, ಒಬ್ಬ ತಂಗಿಗೆ ಕೆಟ್ಟ ಹೆಸರು ಬರಬಹುದೆಂದು ಅಲ್ಲಿ ಬರೆದಿರಲಿಲ್ಲ.

ಡಬ್ಬಿಯನ್ನು ಗದಗಿಗೆ ಒಯ್ದುಬಿಡುವುದು ಸುಲಭದ ದಾರಿಯಾಗಿತ್ತು. ಕಾಕಾ ಅದನ್ನೇ ಹೇಳಿದರು. ಕುಬಸ ಮುಗಿಸಿಕೊಂಡು ಬಂದುಬಿಡು, ಡಬ್ಬಿ ಬಿಡುವುದನ್ನು ಆಮೇಲೆ ನೋಡೋಣ ಎಂದರು. ಕಾಕು ಒಪ್ಪಲಿಲ್ಲ. ಬಸುರಿಗೆ ಸೀರೆ ಉಡಿಸುವ ಕೈಯಲ್ಲಿ ಅದರ ವಾಸನೆ ಇರಬಾರದೆಂದರು. ಕೆಟ್ಟ ದಿನಗಳೇನಿದ್ದರೂ ಇಲ್ಲೇ ಕಳೆದುಹೋಗಲಿ ಎಂದು ತೀರ್ಮಾನಿಸಿ, ಶುರುಮಾಡುವ ಮುಂಚೆ ಮೂರು ಮಹಡಿಗೂ ಹೋಗಿ ತಮ್ಮ ಹರಕು ಗುಜರಾತಿಯಲ್ಲಿ ಮುಂಗಡವಾಗಿ ಕ್ಷಮೆ ಕೇಳಿ ಬಂದರು. ಮದುವೆಗೆ ಕರೆಯುವಂತೆ ಕುಂಕುಮದ ಭರಣಿ ಹಿಡಿದುಕೊಂಡು ಹೋಗಿದ್ದರು! ನಾನು ಬೈದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಅದು ನಾನಲ್ಲ ಎಂದು ಹೇಳಿದ್ದರಂತೆ. ತರಕಾರಿ ಗಾಡಿಯವನಿಗೂ ಹೇಳಿದರು. ಬಾ ತಾವೂ ಜೊತೆಗೆ ಬಿಡುವುದಾಗಿ ಘೋಷಿಸಿದರು. ಮಧ್ಯಾಹ್ನದ ಊಟದವರೆಗೆ ಬಿಟ್ಟರು.

ಆಗ ನನಗೆ ಪರೀಕ್ಷೆಯ ರಜೆ ಇದ್ದುದರಿಂದ ಎಲ್ಲವನ್ನೂ ಹತ್ತಿರದಿಂದ ಕಂಡೆ. ನೋವಿಗಿಂತ ಬೆರಳು ನನಗೆ ಹೆಚ್ಚು ಸೋಜಿಗವಾಗಿತ್ತು. ಫೋನು ರಿಂಗಾದರೆ ಸಾಕು, ಬಲಗೈಯ ತೋರುಬೆರಳು ತನ್ನಷ್ಟಕ್ಕೆ ತುಟಿಯ ಹತ್ತಿರ ಏಳುತ್ತಿತ್ತು. ಕಾಕು ಅದನ್ನು ನೋಡಿ, ಬೇರೆ ಯಾರದೋ ಬೆರಳೆಂಬಂತೆ ಎಡಗೈಯಿಂದ ಹಿಡಿದು ಕೆಳಗಿಳಿಸುತ್ತಿದ್ದರು. ಲವಂಗ ಕಡಿದರು, ಓಮ ಅಗಿದರು, ಪಾತ್ರೆಗಳನ್ನು ತೊಳೆದಿದ್ದರೂ ಮತ್ತೆ ತೊಳೆದರು. ಕಾಕಾನನ್ನು ಬೈದರು, ಫ್ಯಾನನ್ನು ಬೈದರು, ನಮ್ಮಮ್ಮನ ಹುಳಿಯನ್ನಕ್ಕೆ ಬೆಲ್ಲ ಹಾಕುವ ಮೈಸೂರು ಪದ್ಧತಿಯನ್ನು ಅಷ್ಟು ವರ್ಷಗಳ ನಂತರ ಬೈದರು. ಒಂದು ಸಂಜೆ ತಡೆಯಲಾರದೆ ಬಾ ಅವರ ಮನೆಗೆ ಇಳಿದು ಹೋಗಿ ಹಚ್ಚಿಕೊಂಡೂ ಬಂದರು. ಮುಖ ಸಪ್ಪೆ ಮಾಡಿಕೊಂಡು ನನಗೆ ಹೇಳಿ, ಮಾರನೆಯ ದಿನ ಮತ್ತೆ ಮೊದಲಿನಿಂದ ಶುರುಮಾಡಿದರು.

ಒಮ್ಮೆ ನನ್ನನ್ನು ಚೆನ್ನಾಗಿ ಬೈದ ಮೇಲೆ ಕಾಕು ಸುಸ್ತಾಗಿ ಕೂತು, "ಅಲ್ಲವಾ, ಈಗ ಬೈದಾಕಿ ನಾನೋ, ತಂಬಾಕೋ?" ಎಂದು ಕೇಳಿದರು. ತಮಾಷೆಗೆ ಕೇಳಿದ್ದಲ್ಲ. ವಡೋದರೆಗೆ ಹೋಗಿ ನಮ್ಮ ಮೇಡಂ ಅವರನ್ನು ಕೇಳಿದರೆ ಅವರು ನಕ್ಕು, ಪರೀಕ್ಷೆಗೆ ಬರುವ ಪ್ರಶ್ನೆ ಅಲ್ಲ ಎಂದರು.

ನಿಧಾನವಾಗಿ ನಿದ್ದೆ ಬಂತು. ತಲೆ ಹಗುರಾಯಿತು. ಕಾಕು ಹಸಿರು ಸೀರೆ ಕೊಂಡರು. ರೈಲು ಹತ್ತುವಾಗ ಅವರ ಮುಖ ಪರೀಕ್ಷೆಗೆ ಹೋಗುವವಳ ಹಾಗಿತ್ತು. ತಂಬಾಕಿನ ವಿಷಯ ಸುಳ್ಳಾಗಿ, ಆ ಮನೆಯೇ ನಿಜವಾಗಿ ಆಗಿಬರದಿದ್ದರೆ ಎಂಬ ಅಳುಕು ಅವರಿಗಿತ್ತು. ನಿಜ ಹೇಳಬೇಕೆಂದರೆ ನನಗೂ ಇತ್ತು.

ತಲುಪಿದ ಮರುದಿನ ಫೋನು ಮಾಡಿ, ತಲೆ ನೋಯಲಿಲ್ಲ ಎಂದರು. ಕುಬಸವಾಯಿತು, ಸೀರೆ ಉಡಿಸಿದೆ ಎಂದು ಇನ್ನೊಮ್ಮೆ ಮಾಡಿದರು. ತಂಗಿಗೆ ಎಲ್ಲವನ್ನೂ ಹೇಳಿದರಂತೆ. ಆಕೆ ಸುಲಭಕ್ಕೆ ನಂಬುವವಳಲ್ಲ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ, ಅದನ್ನೇಕೆ ಪಾಪ ತಂಬಾಕಿನ ಮೇಲೆ ಹೊರಿಸುತ್ತೀ ಎಂದಳಂತೆ. ಆದರೂ ಅಕ್ಕನಿಗೆ ಮನೆಯ ಕೋಣೆ ಕೋಣೆಯನ್ನೂ ಮತ್ತೆ ಹೊಸದಾಗಿ ತೋರಿಸಿದಳಂತೆ.

ಆ ವಾರದ ಕೊನೆಗೆ ಇನ್ನೊಂದು ಫೋನು ಬಂತು. ಕಾಕು ಏದುಸಿರು ಬಿಡುತ್ತಿದ್ದರು. ನಾನು ಹೆದರಿದೆ.

"ಇವತ್ತ ನಾವಿಬ್ಬರೂ ಜಗಳಾಡಿದಿವಿ," ಎಂದರು. ಹೋಳಿಗೆಯ ಹೂರಣಕ್ಕೆ ಜಾಯಿಕಾಯಿ ಹಾಕಬೇಕೋ ಏಲಕ್ಕಿಯೋ ಎಂದು ಶುರುವಾಗಿ, ಚಿಕ್ಕಂದಿನಲ್ಲಿ ಯಾರು ಯಾರ ರಿಬ್ಬನ್ನು ಕದ್ದಿದ್ದರೆಂಬಲ್ಲಿಗೆ ಮುಟ್ಟಿತ್ತಂತೆ. "ಬೈದೆ, ಬೈಸಿಕೊಂಡೆ, ಆಮ್ಯಾಲೆ ಇಬ್ಬರೂ ಕೂತು ಉಂಡಿವಿ. ಇದು ನಂದs ಸಿಟ್ಟವಾ. ತಂಬಾಕಿಂದಲ್ಲ. ಗುರ್ತ ಹತ್ತಿತು ನನಗ."

ಕಾಣೆಯಾಗಿದ್ದ ಒಡವೆ ಸಿಕ್ಕವಳ ದನಿ ಅದು. ಒಬ್ಬ ಹೆಂಗಸು ತನ್ನ ಸಿಟ್ಟನ್ನು ಗುರುತು ಹಿಡಿದು ಅಷ್ಟು ಸಂತೋಷಪಟ್ಟದ್ದನ್ನು ನಾನು ಮತ್ತೆಲ್ಲೂ ಕಂಡಿಲ್ಲ.

ಕಾಕಾ ನಿವೃತ್ತರಾದ ಮೇಲೆ ಅವರು ಗದಗಿಗೇ ಹೋದರು, ತಂಗಿಯ ಪಕ್ಕದ ಬೀದಿಗೆ. ನಾನು ಓದು ಮುಗಿಸಿ ಅಹಮದಾಬಾದಿನಲ್ಲೇ ನವರಂಗಪುರದ ಕಾಲೇಜೊಂದರಲ್ಲಿ ಪಾಠಕ್ಕೆ ಸೇರಿದೆ. ಬಾ ತೀರಿಕೊಂಡರು. ಹಳೆಯ ಸೊಸೈಟಿಯನ್ನು ಕೆಡವಿ ಅದೇ ಜಾಗದಲ್ಲಿ ಎತ್ತರದ ಕಟ್ಟಡ ಎಬ್ಬಿಸಿದರು, ಲಿಫ್ಟು ಬಂತು. ಕಾಕು ಹಬ್ಬಕ್ಕೊಮ್ಮೆ ಫೋನು ಮಾಡುತ್ತಿದ್ದರು. ಆಮೇಲೆ ಕಾಯಿಲೆ ಬಿದ್ದರು, ಮಾತು ಕಡಿಮೆಯಾಯಿತು... ನಾನು ಹೋಗಬೇಕೆಂದುಕೊಂಡಿದ್ದೆ. ಅಷ್ಟರಲ್ಲಿ ಸುದ್ದಿ ಬಂತು.

ಹೇಳಿದ್ದು ಅವರ ತಂಗಿ. ನಾನು ಆಕೆಯ ದನಿಯನ್ನು ಕೇಳಿದ್ದು ಅದೇ ಮೊದಲು, ಒಂದು ಕ್ಷಣ ಕಾಕುವೇ ಮಾತಾಡಿದಂತಾಯಿತು. ಕೊನೆಗಾಲದಲ್ಲಿ ಒಂದು ವಿಚಿತ್ರ ಕಂಡಿದ್ದನ್ನು ಆಕೆ ಹೇಳಿದರು. ಮನೆಯಲ್ಲಿ ಯಾರ ಫೋನು ರಿಂಗಾದರೂ ಅಕ್ಕನ ಬೆರಳು ಮೆಲ್ಲಗೆ ತುಟಿಯ ಕಡೆ ಏಳುತ್ತಿತ್ತಂತೆ. ಡಬ್ಬಿ ಬಿಟ್ಟು ಎಷ್ಟೋ ಕಾಲವಾಗಿತ್ತು. ಅದು ಯಾಕೆ ಹಾಗೆ ಎಂದು ಕೇಳಿದರು. ದೇಹದ ಹಳೆಯ ನೆನಪು, ಅದರಲ್ಲಿ ನೋವಿರುವುದಿಲ್ಲ ಎಂದು ನಾನು ಹೇಳಿದೆ. ಅದು ನಿಜವೆಂದೇ ನಂಬಿದ್ದೇನೆ.

ಆಕೆ, "ಕಡೀ ದಿನಾನೂ ನನ್ನ ಬೈದಳವಾ. ಗಂಜಿ ತಣ್ಣಗಾಗೇದ ಅಂತ," ಎಂದರು.

"ಅದು ಕಾಕುವಿನದೇ ಸಿಟ್ಟು," ಎಂದೆ.

"ಹೌದವಾ," ಎಂದರು ಆಕೆ. "ಅಕಿದs." ಆಮೇಲೆ ಅಳತೊಡಗಿದರು.

ವ್ಯಸನದ ಅಧ್ಯಾಯ ನನ್ನ ತರಗತಿಯಲ್ಲಿ ಮತ್ತೆ ಬಂದಿದೆ. ಲಿಫ್ಟಿನ ಅಜ್ಜಿ ಇಳಿದದ್ದು ನಮ್ಮದೇ ಮಹಡಿಯಲ್ಲಿ, ಎದುರು ಮನೆಗೆ ಹೊಸದಾಗಿ ಬಂದವರ ತಾಯಿಯಂತೆ. ಬೆಳಿಗ್ಗೆ ಬಾಗಿಲು ತೆರೆದರೆ ಆ ವಾಸನೆ ಈಗ ದಿನವೂ ಬರುತ್ತದೆ. ನಾನು ಚಪ್ಪಲಿ ಮೆಟ್ಟುತ್ತಾ ಒಂದು ಗಳಿಗೆ ಹೆಚ್ಚಿಗೆ ನಿಲ್ಲುತ್ತೇನೆ. ಆ ಬಾಗಿಲಿನಿಂದ ನನ್ನನ್ನು ಬೈಯುವವರು ಮಾತ್ರ ಯಾರೂ ಇಲ್ಲ.